ಚೌಕಟ್ಟಿನಾಚೆಯ ಕೈ

ಕೈಯನ್ನು ಉಳಿಸಿಕೊಳ್ಳಬೇಕೋ, ಕತ್ತರಿಸಬೇಕೋ? ಫೋಟೊ ಸ್ಟುಡಿಯೊದವನ ಬೆರಳು ಮೌಸಿನ ಮೇಲೇ ನಿಂತುಬಿಟ್ಟಿತ್ತು. ಪರದೆಯಲ್ಲಿ, ಊರಿಗೆ ನೀರು ಬಿಡುತ್ತಿದ್ದ ಗೆಳೆಯ ವಾಟರ್‌ಮ್ಯಾನ್ ನೀರಿನ ಟ್ಯಾಂಕಿನ ಮೇಲೆ ನಿಂತು ಬಾಯ್ತುಂಬ ನಗುತ್ತಿದ್ದ. ಎತ್ತಿದ ಕೈಯಲ್ಲಿ ಸಣ್ಣ ಸೀಸೆ. ಕಾಲ ಬಳಿ, ನೀರು ಪರೀಕ್ಷೆಯ ನೀಲಿ ಪೆಟ್ಟಿಗೆ.

"ಬೇಗ ಮಾಡಿ ಮಾಮ, ಹನ್ನೊಂದಕ್ಕೆ ಹೊರಡ್ಬೇಕು." ಸತ್ತ ಗೆಳೆಯನ ಮಗಳು ಬಾಗಿಲಲ್ಲೇ ನಿಂತಿದ್ದಳು. "ಮನೇಲಿರೋ ಫೋಟೊದಲ್ಲೆಲ್ಲ ಅಪ್ಪ ಹಲ್ಲು ಕೀಳಿಸ್ಕೊಳ್ಳೋಕೆ ಕೂತೋರ ಥರ ಇದಾರೆ. ನಗ್ತಿರೋದು ನಿಮ್ಮ ಹತ್ರ ಒಂದಾದ್ರೂ ಇರುತ್ತೆ ಅಂತ ಬಂದೆ."

ಅವನು ಪರದೆಯನ್ನು ತನ್ನ ಕಡೆಗೆ ಇನ್ನಷ್ಟು ತಿರುಗಿಸಿಕೊಂಡ.

*

ನಾಲ್ಕು ವರ್ಷದ ಹಿಂದೆ, ಮೇಲಿನಿಂದ ಊರಿನ ಚಿತ್ರ ತೆಗೆಯಲೆಂದು ಅವನೂ ಟ್ಯಾಂಕು ಹತ್ತಿದ್ದ.

"ಬಣ್ಣದ ಕಾರ್ಖಾನೆ ಕೊಳಚೆ ನಮ್ಮ ಕುಡಿಯೋ ನೀರಿಗೆ ಸೇರ್ತಿದೆ ಕಣೋ," ಎನ್ನುತ್ತ ವಾಟರ್‌ಮ್ಯಾನ್ ಸೀಸೆಯಲ್ಲಿ ನೀರು ತುಂಬಿಕೊಂಡಿದ್ದ. "ಸೋಮವಾರ ಪಂಚಾಯ್ತಿ ಸಭೇಲಿ ಎದ್ದು ನಿಂತು ಹೇಳ್ಬಿಡ್ತೀನಿ."

"ಆಮೇಲೆ ಹೇಳುವಿಯಂತೆ. ಮೊದಲು ಮದುಮಗನ ಹಾಗೆ ನಗು!"

ಪೆಟ್ಟಿಗೆ ಚಿತ್ರದ ಅಂದ ಕೆಡಿಸುತ್ತದೆಂದು ಸ್ಟುಡಿಯೊದವನು ಅದನ್ನು ಕತ್ತರಿಸಿ ತೆಗೆದ. ಕೆಳಗೆ 'ಇವತ್ತು ನಿಮ್ಮ ನೀರಿಗೆ ರುಚಿ ಹಾಕುವವನು' ಎಂದು ಬರೆದು ತಮಾಷೆಗೆ ಒಬ್ಬರಿಗೆ ಕಳಿಸಿದ. ಸಂಜೆಯ ಹೊತ್ತಿಗೆ ಅದೇ ಚಿತ್ರ ಊರೆಲ್ಲ ಸುತ್ತಿ ಅವನ ಫೋನಿಗೇ ವಾಪಸು ಬಂತು. ಅಡಿಬರಹ ಬದಲಾಗಿತ್ತು: 'ನೀರಿಗೆ ವಿಷ ಬೆರೆಸುವಾಗ ಸಿಕ್ಕಿಬಿದ್ದ.'

ಸೋಮವಾರದ ಸಭೆಯಲ್ಲಿ ವಾಟರ್‌ಮ್ಯಾನ್ ಬಾಯಿ ತೆರೆಯುವ ಮೊದಲೇ ಯಾರೋ ಮೈಕು ಕಿತ್ತುಕೊಂಡರು. ಪರೀಕ್ಷೆಯ ವರದಿ ಜೇಬಿನಲ್ಲೇ ಉಳಿಯಿತು. ಆ ರಾತ್ರಿ ಅವನ ಮನೆಯ ಕಿಟಕಿಗೆ ಕಲ್ಲು ಬಿತ್ತು.

ಮರುದಿನ ಅವನು ಸ್ಟುಡಿಯೊಗೆ ಬಂದ. "ಪೂರ್ತಿ ಚಿತ್ರ ಇದೆಯಲ್ಲ ನಿನ್ನ ಹತ್ರ? ಒಂದ್ಸಲ ಎಲ್ರಿಗೂ ತೋರಿಸ್ಬಿಡು, ಸಾಕು."

ಸ್ಟುಡಿಯೊದವನು ತನ್ನ ಅಂಗಡಿಯ ಮುಂಭಾಗವನ್ನು ನೋಡಿದ. ನೆಲದಿಂದ ಸೂರಿನವರೆಗೂ ಗಾಜು.

"ಅಳಿಸಿಹೋಯ್ತು ಕಣೋ."

"ಹೌದಾ," ಎಂದ ವಾಟರ್‌ಮ್ಯಾನ್. ಮತ್ತೆಂದೂ ಕೇಳಲಿಲ್ಲ. ಚಿತ್ರ ತೆಗೆದವನು ಯಾರೆಂದು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಕ್ರಮೇಣ ಯಾವ ವಿಷಯಕ್ಕೂ ಬಾಯಿಬಿಡದವನಾದ.

*

ಚಿತ್ರವನ್ನು ಹೆಣದ ತಲೆಯ ಬಳಿ ಸ್ಟೂಲಿನ ಮೇಲಿಟ್ಟಿದ್ದರು. ನಗುವ ಮುಖ, ಹಿಂದೆ ಬರೀ ಆಕಾಶ.

"ಪಾಪ, ಒಳ್ಳೆಯವ್ನೇ," ಪಕ್ಕದ ಮನೆಯಾತ ಪಿಸುಗುಟ್ಟಿದ. "ಆದ್ರೂ ಆ ನೀರಿನ ವಿಷಯ..."

"ಸುಮ್ನಿರ್ರೀ, ಇವತ್ತಾದ್ರೂ ಬಿಡಿ," ಎಂದಳು ಆ ಪಕ್ಕದ ಮನೆಯಾತನ ಹೆಂಡತಿ.

ಮಗಳಿಗೆ ಕೇಳಿಸಿತ್ತು. ತಲೆ ತಗ್ಗಿಸಿ ಅಪ್ಪನ ಹೊದಿಕೆಯ ಅಂಚನ್ನು ಸರಿಮಾಡಿದಳು. ಸ್ಟುಡಿಯೊದವನ ಚೀಲದಲ್ಲಿ ಪೂರ್ತಿ ಚಿತ್ರದ ಒಂದು ಪ್ರತಿಯಿತ್ತು. ಪ್ರಿಂಟು ತೆಗೆಯುವಾಗ ಮಗಳಿಗೆ ಕೊಡುತ್ತೇನೆಂದೇ ಅಂದುಕೊಂಡಿದ್ದ.

"ಇದನ್ನ ಎಲ್ಲಿ ತೆಗೆದಿದ್ದು, ಮಾಮ?" ಮಗಳು ಫೋಟೊ ತೋರಿಸಿ ಕೇಳಿದಳು. "ಭುಜ ನೋಡಿ. ಕೈಯೆತ್ತಿ ಯಾರನ್ನೋ ಕರೀತಿರೋ ಹಾಗಿದೆ."

"ಎಲ್ಲೋ... ನೆನಪಿಲ್ಲ ಕಣಮ್ಮ."

ಹೆಣ ಹೊತ್ತವರು ಮೆಟ್ಟಿಲಿಳಿದರು. ಮಗಳು ಫೋಟೊವನ್ನು ಎದೆಗೊತ್ತಿಕೊಂಡು ಮುಂದೆ ನಡೆದಳು. ಅವನು ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ನಡೆದ.

ಆ ಚಿತ್ರ ತೆಗೆದದ್ದು ತಾನು, ಅಂದು ಗೆಳೆಯ ನೀರಿಗೆ ಏನನ್ನೂ ಹಾಕಿರಲಿಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ.