ಗೊತ್ತು, ಅನ್ನಿಸುತ್ತಿಲ್ಲ

ಸಿಗ್ನಲ್ ಹಸಿರಾಗಿತ್ತು. ಹಿಂದಿನ ಗಾಡಿಗಳ ಹಾರ್ನುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಬಸ್ಸು ಮಾತ್ರ ಕದಲಲಿಲ್ಲ. ಡ್ರೈವರು ಸ್ಟೀರಿಂಗ್ ಮೇಲಿದ್ದ ಎರಡು ಕೈಗಳನ್ನು ನೋಡುತ್ತ ಕುಳಿತಿದ್ದ. ಬಲಗೈ ಮಣಿಕಟ್ಟಿನ ಹತ್ತಿರ ಹಳೆಯ ಸುಟ್ಟ ಕಲೆ, ಎಡಗೈಯಲ್ಲಿ ಪಟ್ಟಿ ಸವೆದ ವಾಚು. ಅನುಮಾನವೇ ಇಲ್ಲ, ಅವನವೇ ಕೈಗಳು. ಆದರೂ ಯಾರೋ ತಮ್ಮ ಕೈಗಳನ್ನು ಅಲ್ಲಿಟ್ಟು ಮರೆತು ಇಳಿದುಹೋದ ಹಾಗಿತ್ತು. ಎದುರಿನ ರಸ್ತೆ, ಅದರ ಮೇಲಿನ ಜನ, ಅಂಗಡಿಗಳ ಬೋರ್ಡು ಎಲ್ಲವೂ ಮುಂದಿನ ಗಾಜಿಗೆ ಅಂಟಿಸಿದ ಕಾಗದದಂತೆ ಚಪ್ಪಟೆಯಾಗಿ ಕಾಣುತ್ತಿದ್ದವು.

ಅವನು ಹೇಗೋ ಬಸ್ಸನ್ನು ರಸ್ತೆಯ ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿದ. ಹಿಂದಿನಿಂದ ಕಂಡಕ್ಟರು ಜನರನ್ನು ಸರಿಸಿಕೊಂಡು ಮುಂದೆ ಬಂದ. ಬಾಯಿಗೆ ಬಿಡುವೇ ಕೊಡದವನಾದ್ದರಿಂದ ಡಿಪೋದಲ್ಲಿ ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು.

"ಏನಪ್ಪಾ, ಕೈ ಕೊಡ್ತಾ ಗಾಡಿ?"

"ಗಾಡಿ ಸರಿಯಾಗೇ ಇದೆ. ನಾನೇ ಸರಿ ಇಲ್ಲ. ಎಲ್ಲರನ್ನೂ ಇಳಿಸು."

ರೇಡಿಯೋ ಅವನ ಮುಖ ನೋಡಿದ. ಆಮೇಲೆ ತಿರುಗಿ ಜನರನ್ನು ಇಳಿಸತೊಡಗಿದ.

ಡ್ರೈವರು ಇಳಿದು ಫುಟ್‌ಪಾತಿನ ಅಂಚಿನಲ್ಲಿ ಕುಳಿತ. ಪ್ರಯಾಣಿಕರು ಸುತ್ತ ನೆರೆದು, ಕುಡಿದಿದ್ದಾನೆ ಎಂದು ತೀರ್ಮಾನಿಸಿದರು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಯಾವ ಸಂಕೋಚವೂ ಇಲ್ಲದೆ ಬಗ್ಗಿ ಅವನ ಬಾಯಿಯ ಹತ್ತಿರ ಮೂಸಿ, ಇಲ್ಲ, ಕುಡಿದಿಲ್ಲ ಎಂದು ಘೋಷಿಸಿದಳು. ಅದರಿಂದ ಜನರಿಗೆ ಇನ್ನಷ್ಟು ಸಿಟ್ಟು ಬಂತು. ಕುಡಿದಿದ್ದರೆ ಬೈಯುವುದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು.

ಮುಂದಿನ ದಿನಗಳಲ್ಲಿ ಡ್ರೈವರಿಗೂ ಅದೇ ಅನ್ನಿಸತೊಡಗಿತು. ಡಿಪೋ ಮ್ಯಾನೇಜರು ಕೆಟ್ಟವರೇನಲ್ಲ. ಆದರೆ ಅವರಿಗೆ ಕಾರಣ ಬೇಕಿತ್ತು. ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಕಣ್ಣು ಸರಿ ಇತ್ತು. ಸಕ್ಕರೆ, ರಕ್ತದೊತ್ತಡ, ಹೃದಯ, ಕೊನೆಗೆ ತಲೆಯ ಸ್ಕ್ಯಾನು. ಎಲ್ಲ ಕಡೆಯೂ ಹೊಸ ಗಾಡಿಯನ್ನು ಹೊಗಳುವ ಹಾಗೆ ಅವನನ್ನು ಹೊಗಳಿ ಕಳಿಸಿದರು. ಎಲ್ಲಾ ನಾರ್ಮಲ್ ಎಂಬ ಮಾತು ಕೇಳಿದರೆ ಈಗ ಅವನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು.

ತನಗೆ ಏನಾಗುತ್ತಿದೆ ಎಂದು ಹೇಳಲು ಹೊರಟರೆ ಪ್ರತಿ ವಾಕ್ಯವೂ 'ಹಾಗೆ'ಯಲ್ಲಿ ಹೋಗಿ ನಿಲ್ಲುತ್ತಿತ್ತು. ಕನಸಿನ ಹಾಗೆ. ನೀರಿನೊಳಗಿಂದ ನೋಡಿದ ಹಾಗೆ. ನನ್ನ ದನಿ ಪಕ್ಕದ ಕೋಣೆಯಿಂದ ಕೇಳಿದ ಹಾಗೆ. ಯಾವುದೂ ಅದಲ್ಲ. ಹೇಳಿದ ಕೂಡಲೇ ಕೇಳಿದವರು ಅದನ್ನು ತಮಗೆ ಗೊತ್ತಿದ್ದ ಕಾಯಿಲೆಯ ಖಾತೆಗೆ ಸೇರಿಸಿಬಿಡುತ್ತಿದ್ದರು. ಕನಸಿನ ಹಾಗೆ ಎಂದರೆ ಮ್ಯಾನೇಜರು ನಿದ್ದೆ ಕಡಿಮೆಯಾಗಿದೆ ಎನ್ನುತ್ತಿದ್ದರು. ರೇಡಿಯೋ ಪ್ರಕಾರ ಅದು ಗ್ಯಾಸು, ಅವನ ಭಾವಮೈದುನನಿಗೂ ಹೀಗೇ ಆಗಿ ತಲೆಗೇರಿತ್ತು. ಒಂದು ದಿನ ಕ್ಯಾಂಟೀನಿನಲ್ಲಿ, ಸುತ್ತಲಿರುವುದು ಯಾವುದೂ ನಿಜ ಅನ್ನಿಸುತ್ತಿಲ್ಲ ಎಂದು ಬಾಯಿ ತಪ್ಪಿ ಅಂದುಬಿಟ್ಟ. ಅಂದಿನಿಂದ ಅವನಿಗೆ ಸ್ವಾಮಿಗಳು ಎಂಬ ಹೆಸರು ಅಂಟಿಕೊಂಡಿತು. ಅವನು ಟೀ ಲೋಟ ಎತ್ತಿದರೆ ಯಾರಾದರೊಬ್ಬರು, ಲೋಟವೂ ಮಾಯೆ, ಟೀಯೂ ಮಾಯೆ, ಬಿಲ್ಲು ಮಾತ್ರ ನಿಜ ಅಲ್ಲವೇ ಸ್ವಾಮಿಗಳೇ ಎಂದು ಕೇಳುತ್ತಿದ್ದರು. ಅವನೂ ನಗುತ್ತಿದ್ದ. ನಗುವಾಗ ತುಟಿಗಳು ಅಗಲವಾಗುವುದನ್ನು ಹೊರಗೆ ನಿಂತು ನೋಡುತ್ತಿದ್ದ.

ಕೊನೆಗೆ ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋದ. ಡಾಕ್ಟರು ಅವನಿಗಿಂತ ಬಹಳ ಚಿಕ್ಕವಳು. ನೆಗಡಿಯಾಗಿ ಮೂಗು ಕೆಂಪಗಾಗಿತ್ತು. ಇದು ಯಾವಾಗ ಶುರುವಾಯಿತು ಎಂದು ಕೇಳಿದಳು. ಹಾಗೆ ಕೇಳಿದವರಲ್ಲಿ ಅವಳೇ ಮೊದಲಿಗಳು.

ಅವನು ಯೋಚಿಸಿ, ಕುರ್ಚಿಯ ಮುದುಕನ ವಿಷಯ ಹೇಳಿದ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಹೊಸ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಿದ್ದ ಮುದುಕನೊಬ್ಬ ಎಡಬಲ ನೋಡದೆ ರಸ್ತೆಗೆ ಇಳಿದಿದ್ದ. ಇವನು ಬ್ರೇಕ್ ಒತ್ತಿದ. ಬಸ್ಸಿನಲ್ಲಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಕುರ್ಚಿ ಹಾರಿ ಬಿದ್ದು ಬಸ್ಸಿನಡಿ ಸೇರಿ ಪಟಾರೆಂದು ಸೀಳಿತು. ಆ ಸದ್ದು ಕೇಳಿದಾಗ ಮುದುಕನೇ ಹೋದನೆಂದುಕೊಂಡ. ಆದರೆ ಮುದುಕ ಬಂಪರಿನ ಮುಂದೆ ಅಂಗೈಯಗಲ ದೂರದಲ್ಲಿ ನಿಂತೇ ಇದ್ದ. ಕಾಲು ಮುರಿದ ಕುರ್ಚಿಯನ್ನು ಎಳೆದುಕೊಂಡು, ಇವನ ವಂಶವನ್ನೆಲ್ಲ ಜಾಲಾಡಿ, ಹೊರಟುಹೋದ. ಆ ಸಂಜೆ ಇವನೇ ಕ್ಯಾಂಟೀನಿನಲ್ಲಿ ಮುದುಕನ ಬೈಗುಳಗಳನ್ನು ಅಭಿನಯಿಸಿ ಎಲ್ಲರನ್ನೂ ನಗಿಸಿದ್ದ.

"ಏನೂ ಆಗ್ಲಿಲ್ಲ, ಮೇಡಂ," ಅಂದ. "ಏನಾದ್ರೂ ಆಗಿದ್ರೆ ಸರಿ, ಅದಕ್ಕೇ ಹೀಗೆ ಅನ್ಬಹುದಿತ್ತು."

"ಆಗ್ಲಿಲ್ಲ ಅನ್ನೋದು ನಿಮಗೆ ಗೊತ್ತು. ನಿಮ್ಮ ಮೈ ಇನ್ನೂ ಬ್ರೇಕ್ ಮೇಲೇ ಕಾಲಿಟ್ಟಿದೆ," ಎಂದು ಅವಳು ಮೂಗು ಒರೆಸಿಕೊಂಡಳು.

ಆಮೇಲೆ ಅವಳು ವಿವರಿಸಿದಳು. ಆತಂಕ ಬಹಳ ದಿನ ಒಳಗೇ ಉರಿಯುತ್ತಿದ್ದರೆ ಮನಸ್ಸು ತಾಳಲಾರದೆ ಎಲ್ಲದರಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತದೆ. ಇದು ಹುಚ್ಚಲ್ಲ. ಬಹಳ ಜನರಿಗೆ ಆಗುತ್ತದೆ, ಹೆಚ್ಚಿನವರು ಯಾರಿಗೂ ಹೇಳುವುದಿಲ್ಲ. ಹೋಯಿತೇ, ಇದೆಯೇ ಎಂದು ಪರೀಕ್ಷೆ ಮಾಡುತ್ತಿದ್ದಷ್ಟೂ ಅದು ಗಟ್ಟಿಯಾಗಿ ಕೂರುತ್ತದೆ. ಮಾತ್ರೆ ಬರೆದುಕೊಟ್ಟಳು. ಹಾಗಾದಾಗ ಕೈಗೆ ಸಿಕ್ಕ ವಸ್ತುವನ್ನು ಮುಟ್ಟಿ, ಅದು ಏನು, ಹೇಗಿದೆ ಎಂದು ಹೇಳಿಕೊಳ್ಳಿ ಎಂದಳು. ಸದ್ಯ ರಸ್ತೆಯಲ್ಲಿ ಓಡಿಸುವುದು ಬೇಡ. ಆದರೆ ಬಸ್ಸಿನಿಂದ ಪೂರ್ತಿ ದೂರವೂ ಇರಬಾರದು.

ಮ್ಯಾನೇಜರು ಅವನನ್ನು ಬಸ್ಸು ತೊಳೆಯುವ ಜಾಗಕ್ಕೆ ಹಾಕಿದರು. ಒದ್ದೆ ಬ್ರಷ್ ಹಿಡಿದು ಅವನು ಶ್ರದ್ಧೆಯಿಂದ ಹೇಳಿಕೊಂಡ: ಇದು ಬ್ರಷ್ಷು. ಹಿಡಿ ಒರಟಾಗಿದೆ. ಇದು ನೀರು. ತಣ್ಣಗಿದೆ. ಅಂಗನವಾಡಿಯ ಮಗುವಿನ ಪಾಠದಂತಿತ್ತು. ನೀರು ತಣ್ಣಗಿದೆ ಎಂಬುದು ಅವನಿಗೆ ಮೊದಲೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಆ ತಂಪು ಯಾರಿಗೆ ತಾಗುತ್ತಿದೆ ಎಂಬುದು. ಒಂದು ದಿನ ಸಿಟ್ಟು ನೆತ್ತಿಗೇರಿ ಬಕೆಟ್ಟಿಗೆ ಒದ್ದ. ತಗಡಿನ ಬಕೆಟ್ಟು ಹೋಗಿ ಟೈರಿಗೆ ಬಡಿಯಿತು, ಕಾಲ ಹೆಬ್ಬೆರಳು ಊದಿಕೊಂಡಿತು. ಆ ನೋವೂ ಪಕ್ಕದ ಮನೆಯವರದ್ದಾಗಿತ್ತು. ಕುಂಟುತ್ತ ಹೋಗಿ ತಾನೇ ಬಕೆಟ್ಟು ತಂದು, ಮತ್ತೆ ನೀರು ತುಂಬಿಸಿದ.

ಆ ವಾರವೇ ಮನೆಯಲ್ಲಿ ಇನ್ನೊಂದು ನಡೆಯಿತು. ಹೈಸ್ಕೂಲಿನಲ್ಲಿ ಓದುತ್ತಿದ್ದ ಮಗಳು ಓಟದ ಪಂದ್ಯಕ್ಕೆ ಶಾಲೆಯ ತಂಡದಲ್ಲಿ ಆಯ್ಕೆಯಾಗಿದ್ದಳು. ಬೀದಿಯ ತುದಿಯಿಂದಲೇ ಓಡಿಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಪ್ಪನನ್ನು ತಬ್ಬಿಕೊಂಡಳು. ಅವಳ ಬೆವರಿದ ಹಣೆ ಅವನ ಎದೆಗೆ ಒತ್ತಿತು. ಅವನ ತೋಳುಗಳು ಜೋತುಬಿದ್ದೇ ಇದ್ದವು. ಯಾರದೋ ಮಗು, ಯಾರದೋ ಅಪ್ಪನನ್ನು ತಬ್ಬಿಕೊಂಡಿದೆ, ನಾನು ಅಡ್ಡ ನಿಂತಿದ್ದೇನೆ ಎಂಬ ಯೋಚನೆ ಬಂತು. ಬಂದದ್ದೇ ತಡ, ಹೆದರಿ ಬೆನ್ನೆಲ್ಲ ಬೆವರಿತು. ಹೆದರಿಕೆ ಮಾತ್ರ ಅಪ್ಪಟ ಅವನದೇ. ಮಗಳು ಮುಖ ಮೇಲೆತ್ತಿ ನೋಡಿ, ನಿಧಾನವಾಗಿ ಕೈ ತೆಗೆದು, ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಮಗಳು ಅಭ್ಯಾಸಕ್ಕೆ ಹೋದ ಹೊತ್ತಿನಲ್ಲಿ ಹೆಂಡತಿ ವಿಷಯ ತೆಗೆದಳು. ಅವಳು ಊರಿನ ಲಾಡ್ಜುಗಳ ಹಾಸುಹೊದಿಕೆಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಮುಂದಿನ ಕೋಣೆಯ ತುಂಬ ಬಿಳಿ ಬಟ್ಟೆಯ ರಾಶಿ, ಸೋಪಿನ ವಾಸನೆ, ಇಸ್ತ್ರಿಯ ಕಾವು. ಅಪ್ಪನಿಗೆ ಖುಷಿಯೇ ಆಗಲಿಲ್ಲ ಎಂದು ಮಗಳು ಅತ್ತಿದ್ದನ್ನು ಹೇಳಿದಳು. ತಿಂಗಳುಗಳಿಂದ ತಾನು ಗೋಡೆಯ ಜೊತೆ ಸಂಸಾರ ಮಾಡುತ್ತಿದ್ದೇನೆ, ತಾನಾದರೆ ಪರವಾಗಿಲ್ಲ, ಮಗು ಏನು ಮಾಡಿತ್ತು ಎಂದು ಕೇಳಿದಳು.

ಬಸ್ಸಿನ ವಿಷಯ, ಕೈಗಳ ವಿಷಯ ಅವಳಿಗೆ ಹೇಳಿದ್ದ. ಇದೊಂದನ್ನು ಡಾಕ್ಟರಿಗೂ ಹೇಳಿರಲಿಲ್ಲ.

"ರಸ್ತೆ ಒಂದೇ ಅಲ್ಲ," ಅಂದ. "ನಿನ್ನ ನೋಡಿದ್ರೂ, ಅವಳನ್ನ ನೋಡಿದ್ರೂ ಹಾಗೇ ಆಗುತ್ತೆ. ನಿನ್ನ ಮುಖ ಹಾಕ್ಕೊಂಡು ಬೇರೆ ಯಾರೋ ಓಡಾಡ್ತಿರೋ ಹಾಗೆ."

ಅವಳ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ನಿಂತಿತು. ಬಟ್ಟೆ ಸೀಯುವ ಮೊದಲು ಎತ್ತಿ ಪಕ್ಕಕ್ಕಿಟ್ಟಳು.

"ಹಾಗಾದ್ರೆ ಇಷ್ಟು ದಿನ ಯಾರ ಜೊತೆ ಇದ್ರಿ ನೀವು?"

"ನಿನ್ನ ಜೊತೇನೇ. ನೀನೇ ಅಂತ ಗೊತ್ತು. ಗೊತ್ತು, ಅನ್ನಿಸ್ತಿಲ್ಲ."

"ಅನ್ನಿಸ್ತಿಲ್ಲ," ಎಂದು ಅವಳೂ ಅಂದಳು.

ಅವಳು ಅಳುತ್ತಾಳೆಂದು ಅವನು ಕಾದ. ಅವಳು ಅಳಲಿಲ್ಲ, ಬೈಯತೊಡಗಿದಳು. ಇದನ್ನು ಮೊದಲೇ ಬಾಯಿ ಬಿಟ್ಟು ಹೇಳಲು ಏನು ದಾಡಿ ಎಂದು ಬೈದಳು. ಬೇರೆ ಯಾರನ್ನೋ ಇಟ್ಟುಕೊಂಡಿದ್ದಾನೆಂದು ತಾನು ಅಂದುಕೊಂಡಿದ್ದನ್ನು, ಅವನ ಅಂಗಿಗಳನ್ನು ಒಗೆಯುವ ಮೊದಲು ಮೂಸಿ ನೋಡಿದ್ದನ್ನು ಹೇಳಿ ಅದಕ್ಕೂ ಬೈದಳು. ದನಿ ಬೀದಿಗೆ ಕೇಳುವಷ್ಟು ಏರಿತ್ತು. ಅವನಿಗೂ ರೇಗಿತು.

"ನಾನೇನು ಬೇಕು ಅಂತ ಮಾಡ್ತಿದ್ದೀನಾ? ಬೆಳಗಾದ್ರೆ ಕಣ್ಣು ಬಿಡೋಕೆ ಮೊದಲು ಅದನ್ನೇ ನೋಡ್ಕೋತೀನಿ, ಹೋಯ್ತಾ ಅಂತ. ಹೋಗಿರಲ್ಲ. ಸಾಕಾಗಿ ಹೋಗಿದೆ ನನಗೆ."

ಆಮೇಲೆ ಅವಳು ರಾಶಿಯಿಂದ ದೊಡ್ಡ ಹಾಸೊಂದನ್ನು ಎಳೆದು, ಎರಡು ಮೂಲೆಗಳನ್ನು ಅವನ ಕಡೆ ಚಾಚಿದಳು.

"ಅನ್ನಿಸದಿದ್ರೆ ಬಿಡಿ. ಈ ಕಡೆ ಹಿಡ್ಕೊಳ್ಳಿ. ಒಬ್ಬಳಿಗೇ ಆಗಲ್ಲ ಇದು."

ಅವನು ಹಿಡಿದುಕೊಂಡ. ಹಿಂದೆ ಸರಿದು ಬಿಗಿಯಾಗಿ ಎಳೆದು, ಮಡಿಸಿ, ಹತ್ತಿರ ಬಂದು ಮೂಲೆಗಳನ್ನು ಅವಳ ಕೈಗೆ ಕೊಟ್ಟ. ಮತ್ತೆ ಇನ್ನೊಂದು. ಅವನ ಮಡಿಕೆ ಓರೆಯಾದಾಗಲೆಲ್ಲ ಅವಳು ಬಿಚ್ಚಿಸಿ ಮತ್ತೆ ಮಾಡಿಸಿದಳು. ಮಗಳಿಗೂ ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಎಂದಳು.

ಆ ಸಂಜೆ ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು, ಕಾಲಾಡಿಸುತ್ತ ಕೇಳಿಸಿಕೊಂಡಳು. ಅವನು ಹೇಳಲಾಗುವಷ್ಟನ್ನು ಹೇಳಿದ. 'ಹಾಗೆ'ಗಳಲ್ಲಿ ಎಡವುತ್ತಲೇ ಹೇಳಿದ. ಅವಳ ಕಾಲಾಟ ನಿಂತಿತು.

"ಈಗ್ಲೂನಾ ಅಪ್ಪ?"

"ಈಗ್ಲೂ."

"ಮತ್ತೆ ಓಟ ನೋಡೋಕೆ ಬರ್ತೀಯಾ?"

"ಬರ್ತೀನಿ."

"ಅನ್ನಿಸ್ದಿದ್ರೂ?"

"ಅನ್ನಿಸ್ದಿದ್ರೂ ಬರ್ತೀನಿ."

ಅವಳು ಇಳಿದು ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಓಟದಲ್ಲಿ ತಾನು ಗೆಲ್ಲುವುದೇನೂ ಇಲ್ಲ, ಬೇರೆ ಶಾಲೆಯ ಉದ್ದ ಕಾಲಿನವಳೊಬ್ಬಳು ಇದ್ದಾಳೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡ ಎಂದಳು.

ಅವಳು ಗೆಲ್ಲಲಿಲ್ಲ. ಉದ್ದ ಕಾಲಿನವಳು ಗೆದ್ದಳು. ಅವನು ಮೈದಾನದ ಬೇಲಿಯ ಹತ್ತಿರ ನಿಂತು, ಯಾರದೋ ಮನೆಯ ಟಿವಿಯಲ್ಲಿ ನೋಡಿದಂತೆ ನೋಡಿದ. ಆದರೂ ಉಳಿದವರೆಲ್ಲ ನಿಲ್ಲಿಸಿದ ಮೇಲೂ ಚಪ್ಪಾಳೆ ತಟ್ಟುತ್ತಲೇ ಇದ್ದ. ಹೆಂಡತಿ ಮೊಣಕೈ ಹಿಡಿದೆಳೆದು, ಸಾಕು, ಜನ ನೋಡುತ್ತಿದ್ದಾರೆ ಎಂದಳು.

ಮಾತ್ರೆ ಮುಂದುವರಿಯಿತು. ಕೆಲವು ಬೆಳಗುಗಳಲ್ಲಿ ಅದು ಇದೆಯೇ ಎಂದು ನೋಡಿಕೊಳ್ಳುವುದನ್ನು ಮರೆತು ಹಲ್ಲುಜ್ಜಿಬಿಟ್ಟಿರುತ್ತಿದ್ದ. ನೆನಪಾದ ಕೂಡಲೇ ನೋಡಿಕೊಳ್ಳುತ್ತಿದ್ದ, ಅದು ಇರುತ್ತಿತ್ತು, ತನ್ನನ್ನೇ ಬೈದುಕೊಳ್ಳುತ್ತಿದ್ದ. ಇನ್ನೂ ಎಷ್ಟು ದಿನ ಎಂದು ಡಾಕ್ಟರನ್ನು ಪ್ರತಿ ಸಲ ಕೇಳಿದ. ಅವಳು ಪ್ರತಿ ಸಲವೂ ಹೇಳಲಾಗುವುದಿಲ್ಲ ಎಂದಳು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಪ್ರತಿ ಸಲವೂ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡ, ಹೇಳಿದ ದಿನ ಮತ್ತೆ ಹೋಗಿ ಸಾಲಿನಲ್ಲಿ ಕುಳಿತ.

ಮಳೆಗಾಲ ಮುಗಿದ ಮೇಲೆ ಡಾಕ್ಟರ ಒಪ್ಪಿಗೆಯಿಂದ, ಡಿಪೋದ ಅಂಗಳದೊಳಗೆ ಮಾತ್ರ ಬಸ್ಸು ಓಡಿಸಲು ಮ್ಯಾನೇಜರು ಬಿಟ್ಟರು. ಜೊತೆಗೆ ಹೊಸಬರಿಗೆ ಚಾಲನೆ ಕಲಿಸುವ ಮೇಷ್ಟ್ರು ಕೂರಬೇಕಿತ್ತು. ನಿವೃತ್ತಿಗೆ ಹತ್ತಿರವಾದ ದಪ್ಪ ಮನುಷ್ಯ. ಡ್ರೈವರಿಗೆ ಆಗಿರುವುದೇನೆಂದು ಅವರು ಕೇಳಲೂ ಇಲ್ಲ, ಸ್ವಾಮಿಗಳು ಎನ್ನಲೂ ಇಲ್ಲ. ಊಟ ಮುಗಿಸಿ ಬಂದು, ಅವನ ಹಿಂದಿನ ಸೀಟಿನಲ್ಲಿ ಕುಳಿತು, ಹೊರಡು ಎಂದರು.

ಗೇಟಿನಿಂದ ಡೀಸೆಲ್ ಪಂಪಿನವರೆಗೆ, ಅಲ್ಲಿಂದ ವರ್ಕ್‌ಶಾಪಿನ ಮಗ್ಗುಲಿಗೆ ತಿರುಗಿ ಮತ್ತೆ ಗೇಟಿಗೆ. ಎರಡನೆಯ ಸುತ್ತಿನಲ್ಲಿ ಪಂಪಿನ ಹತ್ತಿರ ಅಂಗಳ ಚಪ್ಪಟೆಯಾಯಿತು. ಕೈಗಳು ದೂರ ಹೋದವು. ಅವನ ಕಾಲು ಬ್ರೇಕಿನ ಮೇಲೆ ಬಂತು, ಬಸ್ಸು ನಿಂತಿತು.

"ಬಂತು, ಮೇಷ್ಟ್ರೇ."

"ಬಂದ್ರೆ ಬರ್ಲಿ. ಗೇರ್ ಹಾಕು."

"ಇದು ಹೋಗೋ ತನಕ ನಾನು—"

"ಅದು ಹೋಗೋ ತನಕ ನಾನಿಲ್ಲಿ ಕೂತಿರ್ಲಾ? ಗೇರ್ ಹಾಕಪ್ಪ. ಖಾಲಿ ಅಂಗಳ. ಯಾರಿದ್ದಾರೆ ಇಲ್ಲಿ?"

ಅವನಿಗೆ ಕೆಟ್ಟ ಸಿಟ್ಟು ಬಂತು. ಗೇರಿನ ತಲೆಯನ್ನು ಹಿಡಿದು ಬೇಕಿದ್ದಕ್ಕಿಂತ ಜೋರಾಗಿ ತಳ್ಳಿದ. ಅದು ಗರಗರ ಎಂದು ಕೂತಿತು. ಬಸ್ಸು ಮುಂದೆ ಹೋಯಿತು. ಅಂಗಳ ಕಾಗದದಂತೆಯೇ ಇತ್ತು, ಬಸ್ಸು ಅದರ ಮೇಲೆ ಹೋಗುತ್ತಿತ್ತು. ತಿರುವು, ಗೇಟು, ಪಂಪು, ಮತ್ತೆ ತಿರುವು. ವರ್ಕ್‌ಶಾಪಿನ ಮಗ್ಗುಲಲ್ಲಿ ಮಳೆಗೆ ಕಿತ್ತುಹೋದ ಗುಂಡಿಯೊಂದಿತ್ತು. ಪ್ರತಿ ಸುತ್ತಿನಲ್ಲೂ ಮುಂದಿನ ಚಕ್ರ ಅದಕ್ಕೆ ಇಳಿದು, ಬಸ್ಸಿನ ಕಿಟಕಿಗಳೆಲ್ಲ ಗಡಗಡಿಸಿದವು.

ಎಷ್ಟೋ ಸುತ್ತಾದ ಮೇಲೆ, ಇನ್ನು ನಿಲ್ಲಿಸಲೇ ಎಂದು ಕೇಳಿದ. ಕನ್ನಡಿಯಲ್ಲಿ ನೋಡಿದ. ಮೇಷ್ಟ್ರು ನಿದ್ದೆ ಹೋಗಿದ್ದರು. ಬಾಯಿ ತೆರೆದಿತ್ತು, ಕೈಗಳು ಹೊಟ್ಟೆಯ ಮೇಲಿದ್ದವು, ತಲೆ ಕಿಟಕಿಯ ಕಬ್ಬಿಣದ ಸರಳಿಗೆ ಒರಗಿತ್ತು.

ಮುಂದೆ ವರ್ಕ್‌ಶಾಪಿನ ತಿರುವು ಬರುತ್ತಿತ್ತು. ಅವನು ಗೇರ್ ಇಳಿಸಿ, ಸ್ಟೀರಿಂಗನ್ನು ಒಂದಿಷ್ಟು ಬಲಕ್ಕೆಳೆದು, ಚಕ್ರ ಗುಂಡಿಗೆ ಇಳಿಯದಂತೆ ಬಳಸಿ ಬಸ್ಸನ್ನು ಮೆಲ್ಲಗೆ ಆಚೆ ದಾಟಿಸಿದ.