ಬೋರಣ್ಣನ ಜೀಪಿಗೊಂದು ಟ್ರೈಲರ್

ಟ್ರೈಲರ್ ನೋಡಲು ಹೊರಟ ಬೋರಣ್ಣ ಅಳತೆಗೆಂದು ಜೇಬಿನಲ್ಲಿ ಇಟ್ಟುಕೊಂಡದ್ದು ಒಂದು ಬಾಳೆನಾರನ್ನು. ಸೊಪ್ಪಿನ ಕಟ್ಟು ಕಟ್ಟುವ ನಾರೇ ಅದು. ಮನೆಯ ಜಗಲಿಯ ಎತ್ತರಕ್ಕೆ ಹಿಡಿದು ಅದಕ್ಕೊಂದು ಗಂಟು ಹಾಕಿದ್ದ. ಅವನ ಹೆಂಡತಿ ಅಂಜನಮ್ಮ ಕಂಬ ಹಿಡಿದುಕೊಂಡು ತಾನೊಬ್ಬಳೇ ಹತ್ತಬಲ್ಲ ಎತ್ತರ ಈಗ ಅಷ್ಟೇ. ಅದರ ಮೇಲೆ ನಾಲ್ಕು ಬೆರಳು ಹೆಚ್ಚಾದರೂ ಅವಳ ಬಲಗಾಲು ಏಳುತ್ತಿರಲಿಲ್ಲ.

ಶ್ರಾವಣದಲ್ಲಿ ತೋಟದ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದಾಗ ಅವಳ ಸೊಂಟಕ್ಕೆ ಪೆಟ್ಟಾಗಿತ್ತು. ಪಟ್ಟು ಹಾಕುವವನು ಅವಳನ್ನು ನಡೆಯುವ ಹಾಗೆ ಮಾಡಿದ, ಗಾಡಿ ಹತ್ತುವ ಹಾಗೆ ಮಾಡಲಿಲ್ಲ. ಕಷ್ಟ ಎಂದೂ ಒಂಟಿಯಾಗಿ ಬರುವುದಿಲ್ಲವಲ್ಲ, ಅದೇ ತಿಂಗಳು ಜೋಡಿ ಎತ್ತಿನಲ್ಲಿ ಒಂದು ಸತ್ತಿತು. ಉಳಿದ ಮುದಿಯೆತ್ತು ಬೇರೆ ಜೊತೆಗಾರನೊಂದಿಗೆ ನೊಗಕ್ಕೆ ಕತ್ತು ಕೊಡಲು ಒಪ್ಪಲೇ ಇಲ್ಲ. ಯುದ್ಧದ ಕಾಲದಲ್ಲಿ ಮಿಲಿಟರಿ ಕ್ಯಾಂಪಿಗೆ ಸೊಪ್ಪು ಹಾಕುತ್ತಿದ್ದಾಗ ಅಲ್ಲಿಯ ಡ್ರೈವರನಿಂದ ಬೋರಣ್ಣ ಸ್ಟೇರಿಂಗ್ ಹಿಡಿಯುವುದನ್ನು ಕಲಿತಿದ್ದ. ಅದೇ ಧೈರ್ಯದ ಮೇಲೆ ಹರಾಜಿನಲ್ಲಿ ಒಂದು ಹಳೇ ಮಿಲಿಟರಿ ಜೀಪು ತಂದ. ಭೈರಸಂದ್ರದವರೆಲ್ಲ ಬಂದು ಅದನ್ನು ಮುಟ್ಟಿ ನೋಡಿ, ಹಲ್ಲು ಎಣಿಸಲು ಬಾಯಿ ಎಲ್ಲಿದೆ ಎಂದು ಕೇಳಿ ನಕ್ಕು ಹೋದರು.

ಜೀಪು ಬಂದರೂ ಅಂಜನಮ್ಮ ಸೊಪ್ಪು ಮಾರಲು ಮಾರ್ಕೆಟ್ಟಿಗೆ ಹೋಗುವುದು ಹೇಗೆ? ಇಪ್ಪತ್ತೆಂಟು ವರ್ಷ ಅವಳು ಗಾಡಿಯ ಹಿಂತುದಿಯಲ್ಲಿ ಸೊಪ್ಪಿಗೆ ಒರಗಿ, ಕಾಲು ಇಳಿಬಿಟ್ಟು, ಬಿಟ್ಟುಬಂದ ದಾರಿಯ ಕಡೆಗೆ ಮುಖ ಮಾಡಿ ಕೂತವಳು. ಅವನು ಮುಂದೆ, ಎತ್ತಿನ ಬಾಲದ ಹತ್ತಿರ. ಸಂಸಾರದ ಮಾತೆಲ್ಲ ಬೆನ್ನಿಗೆ ಬೆನ್ನು ಕೊಟ್ಟೇ ಆಗುತ್ತಿತ್ತು. ಮಕ್ಕಳ ಮದುವೆಗಳೂ ಹಾಗೆಯೇ ತೀರ್ಮಾನವಾದವು. ನಡುವೆ ಒಂದು ದಿನ ನೆರೆಯವರ ಗಾಡಿಗೆ ಅವಳನ್ನು ಇಬ್ಬರು ಎತ್ತಿ ಕೂರಿಸಿದ್ದರು, ಮಾರ್ಕೆಟ್ಟಿನಲ್ಲಿ ಮತ್ತಿಬ್ಬರು ಎತ್ತಿ ಇಳಿಸಿದರು. "ನಾನೇನ್ ಸೊಪ್ಪಿನ್ ಮೂಟೇನಾ?" ಎಂದು ಮನೆಗೆ ಬಂದು ಅತ್ತವಳು ಮತ್ತೆ ಹೋಗಲಿಲ್ಲ. ಮಾರ್ಕೆಟ್ಟಿನಲ್ಲಿ ಅವಳು ಕೂರುವ ಜಾಗವನ್ನು ಪಕ್ಕದ ಹೂವಿನ ಮಂಗಮ್ಮ ಒಂದು ಗೋಣಿಚೀಲ ಹಾಸಿ ಕಾಯುತ್ತಿದ್ದಳು. "ಸಂಕ್ರಾಂತಿವರ್ಗೂ ಕಾಯ್ತೀನಿ, ಆಮೇಲೆ ನನ್ ಕೈಲಾಗಲ್ಲ" ಎಂದು ಹೇಳಿ ಕಳಿಸಿದ್ದಳು. ಸಂಕ್ರಾಂತಿಗೆ ಉಳಿದದ್ದು ಹತ್ತೇ ದಿನ.

ಮಿಲಿಟರಿಯ ಹಳೇ ಸಾಮಾನು ಮಾರುವ ಶಾಂತವೀರಪ್ಪನವರ ಅಂಗಳ ವಿಲ್ಸನ್ ಗಾರ್ಡನ್ನಿನಲ್ಲಿತ್ತು. ಹಣೆಯ ತುಂಬ ವಿಭೂತಿ ಇಟ್ಟ ನಿಧಾನಸ್ಥ. ಅವರು ಮೊದಲು ತೋರಿಸಿದ್ದು ತೊಟ್ಟಿಯ ಹಾಗಿದ್ದ ಒಂದು ಗಿಡ್ಡ ಟ್ರೈಲರನ್ನು.

"ಇದು ಜೀಪಿಗೆ ಅಂತಾನೇ ಮಾಡಿದ್ದು. ಕಣ್ ಮುಚ್ಕೊಂಡು ತಗೊಂಡ್ಹೋಗಿ."

ಬೋರಣ್ಣ ಜೇಬಿನಿಂದ ನಾರು ತೆಗೆದು ಹಿಡಿದ. ತೊಟ್ಟಿಯ ಗೋಡೆ ಗಂಟಿಗಿಂತ ಎಷ್ಟೋ ಮೇಲಿತ್ತು. "ಇದಕ್ಕೆ ಬಾಗಿಲೇ ಇಲ್ವಲ್ಲ ಸಾವ್ಕಾರ್ರೇ?"

"ಸೊಪ್ಪಿಗ್ಯಾಕೆ ಬಾಗಿಲು?"

ಹೆಂಡತಿಯ ಕಾಲಿನ ವಿಷಯವನ್ನು ಪರರ ಅಂಗಳದಲ್ಲಿ ಬಿಡಿಸಿ ಹೇಳಲು ಬೋರಣ್ಣನಿಗೆ ಮನಸ್ಸಾಗಲಿಲ್ಲ. ಮೂಲೆಯಲ್ಲಿ ಒಂದು ಉದ್ದನೆಯ ಟ್ರೈಲರ್ ಇತ್ತು. ಯಾರೋ ಹಳೇ ಆಕ್ಸಲ್ಲಿನ ಮೇಲೆ ಕಟ್ಟಿದ್ದು. ಅದರ ಹಿಂಬಾಗಿಲು ಕೆಳಗಿಳಿಸಿದರೆ ಒಂದು ಕಬ್ಬಿಣದ ಮೆಟ್ಟಿಲು ಹೊರಗೆ ಬರುತ್ತಿತ್ತು. ನಾರು ಹಿಡಿದರೆ ಗಂಟು ಸರಿಯಾಗಿ ಮೆಟ್ಟಿಲಿಗೆ ಬಂದು ಕೂತಿತು. ಬೋರಣ್ಣನಿಗೆ ಕಣ್ಣು ತುಂಬಿ ಬರುವಷ್ಟು ಸಂತೋಷವಾಯಿತು.

"ಬೇಡಿ ಬೋರಣ್ಣ," ಎಂದರು ಶಾಂತವೀರಪ್ಪ. "ಚಕ್ರ ಮುಂದಿದೆ, ಮೈಯೆಲ್ಲ ಹಿಂದಿದೆ. ಭಾರ ಹಿಂದಕ್ಕೆ ಬಿದ್ರೆ ಬಾಲ ಆಡ್ಸುತ್ತೆ. ಟ್ರೈಲರ್‌ಗೆ ಯಾವತ್ತೂ ಮುಂದೆ ಒಂಚೂರು ಭಾರ ಇರ್ಬೇಕು."

ಬೋರಣ್ಣ ನಕ್ಕುಬಿಟ್ಟ. ಗಾಡಿಯ ವಿದ್ಯೆಯನ್ನು ಇವರಿಂದ ಕಲಿಯುವುದೇ? ಹುಟ್ಟಿದಾಗಿನಿಂದ ಅವನು ಕಲಿತ ಪಾಠ ಒಂದೇ. ಮುಂಭಾರವಾದರೆ ಎತ್ತಿನ ಕತ್ತು ಹುಣ್ಣಾಗುತ್ತದೆ, ಕರುಣೆ ಇರುವವನು ಒಂದು ಮೂಟೆಯನ್ನು ಹಿಂದಕ್ಕೇ ಸರಿಸುತ್ತಾನೆ. "ಹಿಂಭಾರ ಇದ್ರೇನೇ ಒಳ್ಳೇದು ಸಾವ್ಕಾರ್ರೇ, ಕತ್ತಿಗೆ ನೋವಾಗಲ್ಲ."

"ಇದಕ್ಕೆ ಕತ್ತೆಲ್ಲಿದೆ ಮಾರಾಯ್ರೇ!" ಎಂದು ಅವರೂ ನಕ್ಕರು. "ಆಯ್ತು, ಎರಡು ದಿನ ಇಟ್ಕೊಂಡು ನೋಡಿ. ಸರಿಹೋಗ್ದಿದ್ರೆ ವಾಪಸ್ ತನ್ನಿ, ಆ ತೊಟ್ಟಿ ಇಲ್ಲೇ ಇರುತ್ತೆ."

ಮಾರನೆಯ ಬೆಳಿಗ್ಗೆ ಬೋರಣ್ಣ ಸೊಪ್ಪೆಲ್ಲ ಹಿಂದಕ್ಕೆ ಜೋಡಿಸಿದ. ಪುಣ್ಯಕ್ಕೆ, ಅಂಜನಮ್ಮನನ್ನು ಮೊದಲ ದಿನವೇ ಕೂರಿಸಲು ಅವನಿಗೆ ಧೈರ್ಯ ಬರಲಿಲ್ಲ. ಅವಳು ಕೂರುವ ಹಿಂತುದಿಯಲ್ಲಿ ಅವಳಷ್ಟೇ ತೂಕದ ರಾಗಿ ಮೂಟೆ ಇಟ್ಟು ಹೊರಟ. ಕೆರೆ ಏರಿಯ ಇಳಿಜಾರಿನಲ್ಲಿ ಟ್ರೈಲರ್ ಮೊದಲು ಸಣ್ಣಗೆ ಸೊಂಟ ಅಲ್ಲಾಡಿಸಿತು, ಆಮೇಲೆ ದೊಡ್ಡದಾಗಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಕಟ್ಟಿದವನು ಈ ಏರಿಯ ಮೇಲೆಯೇ ನಿಂತಿದ್ದನೋ ಏನೋ. ಬೋರಣ್ಣ ಹೇಗೋ ಜೀಪು ನಿಲ್ಲಿಸಿ ಹಿಂತಿರುಗಿ ನೋಡಿದ. ಟ್ರೈಲರಿನ ಬಾಗಿಲು ಕಳಚಿ ಜೋತಾಡುತ್ತಿತ್ತು. ರಾಗಿ ಮೂಟೆ ಏರಿಯ ಕೆಳಗೆ, ಕೆಸರಿನಲ್ಲಿ, ಹೊಟ್ಟೆ ಒಡೆದು ಬಿದ್ದಿತ್ತು.

ಅವನು ಕೆಳಗಿಳಿದು ಹೋಗಿ ಆ ಮೂಟೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಅವಳು ಕೂತಿದ್ದರೆ ಎಂಬ ಒಂದೇ ಮಾತು ಎದೆಯನ್ನು ಹಿಂಡಿತು.

ಮನೆಗೆ ಬಂದು ನಡೆದದ್ದನ್ನು ಮುಚ್ಚಿಡದೆ ಹೇಳಿದ. ಬಾಗಿಲಿಲ್ಲದ ತೊಟ್ಟಿ ಟ್ರೈಲರೇ ಜೀಪಿಗೆ ಸರಿ, ಅದನ್ನು ನೀನು ಹತ್ತಲಾರೆ ಎಂದೂ ಹೇಳಿದ.

"ಬಿಡಿ. ಜಾಗ ಯಾರಿಗಾದ್ರೂ ಬಿಟ್ಕೊಡು ಅಂತ ಮಂಗಮ್ಮಂಗೆ ಹೇಳ್ಬಿಡಿ," ಎಂದು ಅಂಜನಮ್ಮ ಒಳಗೆ ಹೋದಳು. ಅಳು ಕೇಳಿಸಲಿಲ್ಲ. ಕೇಳಿಸಿದ್ದರೆ ಬೋರಣ್ಣನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಬೋರಣ್ಣನ ತಾಯಿ ಸೊಣ್ಣಮ್ಮ ಜಗಲಿಯಲ್ಲಿ ತನ್ನ ಮಣೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಎಂಬತ್ತರ ಮುದುಕಿ, ಬಾಯಿ ಮಾತ್ರ ಇಪ್ಪತ್ತರದು. ಅವಳ ಕಣ್ಣೆದುರು ಗಂಡ ಹೆಂಡತಿ ಒಂದೇ ಜಗಲಿಯಲ್ಲಿ ಅಕ್ಕಪಕ್ಕ ಕೂತವರಲ್ಲ.

"ಲೋ ಬೋರ, ಆ ಜೀಪಲ್ಲಿ ನಿನ್ ಪಕ್ಕ ಇನ್ನೊಂದ್ ಸೀಟಿದ್ಯಲ್ಲ, ಅಲ್ಯಾರ್ಲಾ ಕೂರೋದು?"

"ಯಾರೂ ಇಲ್ಲ ಕಣವ್ವ. ಅದು ಖಾಲಿ."

"ಖಾಲಿ ಸೀಟ್‌ಗೆ ದಿನಾ ಮಾರ್ಕೆಟ್ ತೋರಿಸ್ಕೊಂಡ್ ಬರ್ತೀಯೇನೋ?"

ಬೋರಣ್ಣ ತಲೆ ಕೆರೆದುಕೊಂಡ. "ಅಲ್ಲವ್ವ, ಪಕ್ಕಪಕ್ಕ... ಊರೋರ್ ಮುಂದೆ... ನೀನಿದ್ದೀಯ..."

"ಊರೋರ್ ಬಂದು ಅವಳ ಕಾಲ್ ಎತ್ತಿ ಇಡ್ತಾರಾ? ನನ್ ಕಣ್ಣು ಮಂಜಾಗಿ ಮೂರ್ ವರ್ಷ ಆಯ್ತು, ನಂಗೇನೂ ಕಾಣಲ್ಲ ಹೋಗು," ಎಂದಳು, ಸೊಪ್ಪಿನೊಳಗಿನ ಸಾಸಿವೆಯಷ್ಟು ಹುಳವನ್ನು ಹೆಕ್ಕಿ ಎಸೆಯುತ್ತ.

ಬೋರಣ್ಣ ಎದ್ದು ಜೀಪಿನ ಹತ್ತಿರ ಹೋಗಿ ನಾರು ಹಿಡಿದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಶಾಂತವೀರಪ್ಪನವರ ಅಂಗಳದಲ್ಲಿದ್ದ ಕಬ್ಬಿಣಕ್ಕೆಲ್ಲ ಹಿಡಿದ ನಾರನ್ನು ಅವನು ತನ್ನ ಜೀಪಿಗೆ ಮಾತ್ರ ಹಿಡಿದಿರಲಿಲ್ಲ. ಕಾಲಿಡುವ ಜಾಗ ಗಂಟಿಗಿಂತ ನಾಲ್ಕೇ ಬೆರಳು ಮೇಲಿತ್ತು. ಆದರೆ ಆ ನಾಲ್ಕು ಬೆರಳೇ ಅವಳಿಂದ ಆಗದಿದ್ದದ್ದು. ಅವನು ಪೆಚ್ಚಾಗಿ ನಿಂತಿದ್ದಾಗ ಹಿಂದಿನಿಂದ ಏನೋ ಕಾಲಿಗೆ ತಗುಲಿತು. ಸೊಣ್ಣಮ್ಮ ಕೂತಿದ್ದ ಮಣೆ. ಬರಿಯ ನೆಲದ ಮೇಲೆ ಕೂತು ಅವಳು ಸೊಪ್ಪು ಸೋಸುತ್ತಲೇ ಇದ್ದಳು.

ಮಾರನೆಯ ದಿನ ಉದ್ದನೆಯ ಟ್ರೈಲರ್ ವಾಪಸ್ಸಾಗಿ ತೊಟ್ಟಿ ಬಂತು. ಅದರ ಮರುದಿನ ಬೆಳಗಾಗುತ್ತಲೇ ಬೋರಣ್ಣ ಭಾರದ ಕಟ್ಟುಗಳನ್ನು ಮುಂದಕ್ಕೆ ಹಾಕಿದ. ಹಾಕುವಾಗ ಜೀಪಿನ ಇಲ್ಲದ ಕತ್ತನ್ನು ನೆನೆದು ಒಮ್ಮೆ ಅಯ್ಯೋ ಎಂದುಕೊಂಡ. ಅಂಜನಮ್ಮ ಮಣೆಯ ಮೇಲೆ ಕಾಲಿಟ್ಟಳು, ಜೀಪಿನ ಹಿಡಿ ಹಿಡಿದಳು, ಹತ್ತಿ ಕೂತಳು. ಯಾರೂ ಅವಳನ್ನು ಮುಟ್ಟಲಿಲ್ಲ. ಮಣೆಯನ್ನು ಬೋರಣ್ಣ ಅವಳ ಕಾಲ ಬಳಿ ಇಟ್ಟ.

ಏರಿಯ ಮೇಲೆ ಅವಳು ಸೀಟನ್ನು ಬಿಗಿಯಾಗಿ ಹಿಡಿದಿದ್ದಳು. ಟ್ರೈಲರ್ ತಾಯಿಯ ಹಿಂದೆ ಬರುವ ಕರುವಿನ ಹಾಗೆ ಬಂತು. ಲಾಲ್‌ಬಾಗಿನ ಗೋಡೆ ಸಿಕ್ಕಿದಾಗ ಅವಳು ಇದ್ದಕ್ಕಿದ್ದಂತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಏನೇ?"

"ಗಾಡಿ ಹೊಡ್ಯೋವಾಗ ನೀವು ನಾಲಿಗೆ ತುದಿ ಕಚ್ಕೊಂಡಿರ್ತೀರ."

"ಯಾವಾಗಿಂದ?"

"ನಂಗೇನ್ ಗೊತ್ತು? ಇಪ್ಪತ್ತೆಂಟು ವರ್ಷದಲ್ಲಿ ಇವತ್ತೇ ನೋಡ್ತಿರೋದು."

ಬೋರಣ್ಣ ನಾಚಿ ನಾಲಿಗೆ ಒಳಗೆಳೆದುಕೊಂಡ.

ಮಾರ್ಕೆಟ್ಟಿನಲ್ಲಿ ಮಂಗಮ್ಮ "ಅಕ್ಕಾ!" ಎಂದು ಕೂಗಿ, ಎತ್ತಿ ಇಳಿಸಲು ಓಡಿಬಂದಳು. "ನೀನ್ ಸುಮ್ನೆ ನಿಂತ್ಕೋ ಮಂಗಮ್ಮ," ಎಂದು ಬೋರಣ್ಣ ಮಣೆ ಇಟ್ಟ. ಅಂಜನಮ್ಮ ತಾನೇ ಇಳಿದಳು, ತಾನೇ ನಾಲ್ಕು ಹೆಜ್ಜೆ ನಡೆದಳು, ಮಂಗಮ್ಮನ ಗೋಣಿಚೀಲವನ್ನು ಮಡಿಸಿ ಅವಳ ಕೈಗೆ ಕೊಟ್ಟು ತನ್ನ ಜಾಗದಲ್ಲಿ ಕೂತಳು. ಆಮೇಲೆ ತಲೆಯೆತ್ತಿ, ಜೀಪಿನ ಪಕ್ಕದಲ್ಲೇ ನಿಂತಿದ್ದ ಗಂಡನನ್ನು ನೋಡಿದಳು.

"ಸೊಪ್ಪು ಇಳ್ಸಿ," ಎಂದಳು. "ನಾಲಿಗೆ ಆಮೇಲೆ ಕಚ್ಕೊಳ್ಳೋರಂತೆ."