ತೆರಿಗೆ ದಿನದ ಸವಾರ

ಪಾಕ್ ಮುಜಿರಾನ್ ತಮ್ಮ ಗುರುತಿನ ಚೀಟಿಯನ್ನು ಯಾರಿಗೂ ಪೂರ್ತಿಯಾಗಿ ಕೊಡುತ್ತಿರಲಿಲ್ಲ. ಕೌಂಟರಿನ ಆಚೆ ಕೂತ ಹುಡುಗಿ ಕೈ ಚಾಚಿದರೆ ಕಾರ್ಡಿನ ಒಂದು ಅಂಚನ್ನು ಅವಳಿಗೆ ಒಪ್ಪಿಸಿ, ಇನ್ನೊಂದು ಅಂಚನ್ನು ಎರಡು ಬೆರಳ ನಡುವೆ ಹಿಡಿದುಕೊಂಡೇ ನಿಲ್ಲುತ್ತಿದ್ದರು. ಅವಳು ಎಳೆಯುವುದು, ಇವರು ಬಿಡದಿರುವುದು, ಕೊನೆಗೆ ಅವಳೇ ಸೋತು ಕುರ್ಚಿಯಿಂದ ಅರ್ಧ ಎದ್ದು, ಕತ್ತು ಚಾಚಿ, ಆ ಹದಿನಾರು ಅಂಕಿಗಳನ್ನು ಇವರ ಕೈಯಲ್ಲಿದ್ದಂತೆಯೇ ಓದಿ ಬರೆದುಕೊಳ್ಳುವುದು: ಇದು ನಮ್ಮ ಕ್ಲಾತೆನ್ ಪಟ್ಟಣದ ವಾಹನ ತೆರಿಗೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಹಗ್ಗಜಗ್ಗಾಟ. "ನಾನೇನು ತಗೊಂಡು ಓಡಿಹೋಗ್ತೀನಾ ಪಾಕ್?" ಎಂದು ಅವಳು, ಹಿರಿಯರನ್ನು ನಮ್ಮಲ್ಲಿ ಕರೆಯುವ ಪಾಕ್ ಎಂಬ ಮರ್ಯಾದೆಯ ಮಾತು ಬಿಡದೆಯೇ, ಒಮ್ಮೆ ಕೇಳಿಯೂಬಿಟ್ಟಳು. "ನೀನು ಓಡಲ್ಲಮ್ಮ. ಕಾರ್ಡಿಗೆ ಕಾಲಿದೆ," ಎಂದರು ಇವರು, ನಗೆಯ ಸುಳಿವೂ ಇಲ್ಲದ ಮುಖದಲ್ಲಿ.

ಅವರ ಪಕ್ಕದಲ್ಲಿ ಕಡತ ಹಿಡಿದು ನಿಂತಿರುತ್ತಿದ್ದವಳು ನಾನು. ಬೈಕು ನನ್ನದು, ಹೆಸರು ಅವರದು. ಒಂಬತ್ತು ವರ್ಷದ ಹಿಂದೆ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಾಗ ಅವರ ಹಳೆಯ ಕಡುಗೆಂಪು ಬೈಕನ್ನು ಕೊಂಡೆ. ಹೆಸರು ಬದಲಾಯಿಸುವುದನ್ನು ಆಮೇಲೆ ನೋಡೋಣ ಎಂದು ಇಬ್ಬರೂ ಹೇಳಿಕೊಂಡೆವು, ಆ ಆಮೇಲೆ ಬರಲೇ ಇಲ್ಲ. ನಮ್ಮ ಕಡೆ ಅರ್ಧ ಊರಿನ ಬೈಕುಗಳು ಓಡುವುದು ಹೀಗೆಯೇ. ತೆರಿಗೆ ಕಟ್ಟಬೇಕಾದರೆ ಕಾಗದದಲ್ಲಿ ಹೆಸರಿರುವವರ ಮೂಲ ಗುರುತಿನ ಚೀಟಿಯೇ ಬರಬೇಕು. ಹಾಗಾಗಿ ತೆರಿಗೆ ತಿಂಗಳು ಬಂತೆಂದರೆ ಜನ ಬಾಳೆಹಣ್ಣಿನ ಚಿಪ್ಪು ಹಿಡಿದು ಮೊದಲ ಮಾಲೀಕರ ಮನೆ ಹುಡುಕಿಕೊಂಡು ಹೋಗುತ್ತಾರೆ, ಕಾರ್ಡು ಎರವಲು ಪಡೆಯುತ್ತಾರೆ, ಸಂಜೆ ಹಿಂದಿರುಗಿಸುತ್ತಾರೆ. ಮಾಲೀಕ ಸಿಗದವರು ಕಚೇರಿಯ ಗೇಟಿನ ಬಳಿಯ ದಲ್ಲಾಳಿಗಳ ಕೈ ಬೆಚ್ಚಗೆ ಮಾಡುತ್ತಾರೆ. ನನ್ನ ಮಾಲೀಕರು ಸಿಗದವರಲ್ಲ, ಎರಡು ಗದ್ದೆಯ ಆಚೆಯೇ ಇದ್ದರು. ಆದರೆ ಕಾರ್ಡು ಅವರನ್ನು ಬಿಟ್ಟು ಬರುತ್ತಿರಲಿಲ್ಲವಾದ್ದರಿಂದ ಅವರೇ ಬರಬೇಕಾಗುತ್ತಿತ್ತು.

ನಿವೃತ್ತರಾಗುವ ತನಕ ಅವರು ನೀರಾವರಿ ಇಲಾಖೆಯಲ್ಲಿ ಕಾಲುವೆಯ ತೂಬು ಕಾಯುವ ಕೆಲಸದಲ್ಲಿದ್ದರು. ಮೂವತ್ತು ವರ್ಷ ಗೇಣಗಲದ ಏರಿಯ ಮೇಲೆ ಓಡಾಡಿದ ಆ ಕಾಲುಗಳು ವಿಶಾಲವಾದ ರಾಜಮಾರ್ಗದಲ್ಲೂ ಒಂದರ ಮುಂದೆ ಒಂದು ನೇರವಾಗಿ ಬೀಳುತ್ತಿದ್ದವು, ಎರಡೂ ಬದಿಗೆ ನೀರಿದೆಯೋ ಎಂಬಂತೆ. ಮಾತೂ ಕಾಲುವೆಯದೇ. ಯಾವ ಪ್ರಶ್ನೆ ಕೇಳಿದರೂ, ಅದು ಮಗಳ ಮದುವೆಯದಿರಲಿ, ಹಲ್ಲುನೋವಿನದಿರಲಿ, ಮೊದಲು ಬರುತ್ತಿದ್ದ ಉತ್ತರ, "ನೀರು ಎಷ್ಟಿದೆ ನೋಡೋಣ." ಕಚೇರಿಯ ಬಾಗಿಲಲ್ಲಿ ನಿಂತು ಜನಸಂದಣಿ ನೋಡಿ, "ಇವತ್ತು ನೀರು ಜಾಸ್ತಿ ಮಗಾ, ಹನ್ನೊಂದರ ಮೇಲೆ ಇಳಿಯುತ್ತೆ," ಎಂದರೆ ಹನ್ನೊಂದರ ಮೇಲೆ ಸಾಲು ನಿಜಕ್ಕೂ ಕರಗುತ್ತಿತ್ತು. ಎಷ್ಟೇ ಸೆಕೆಯಿರಲಿ, ಬೂದು ಬಣ್ಣದ ದಪ್ಪ ಜಾಕೆಟ್ಟನ್ನು ಗಂಟಲವರೆಗೆ ಎಳೆದುಕೊಂಡು, ಎದೆಗೆ ಗಾಳಿ ಹೊಗಬಾರದೆಂದು ಅದರೊಳಗೆ ಹಳೆಯ ದಿನಪತ್ರಿಕೆಯೊಂದನ್ನು ಮಡಚಿ ಇಟ್ಟುಕೊಳ್ಳುತ್ತಿದ್ದರು. ಸಾಲಿನಲ್ಲಿ ಬೇಸರವಾದರೆ ಅದನ್ನೇ ಹೊರತೆಗೆದು ಓದಿ, ಮತ್ತೆ ಎದೆಗೆ ಸೇರಿಸುತ್ತಿದ್ದರು.

ತೆರಿಗೆಯ ದಿನ ಬೈಕು ಓಡಿಸುವವರು ಅವರೇ. ಮೊದಲ ವರ್ಷ ನಾನು ಬೈಕು ಚಾಲೂ ಮಾಡಿ ಹಿಂದೆ ಕೂರಿ ಎಂದಾಗ ನನ್ನನ್ನೇ ದಿಟ್ಟಿಸಿದರು. "ನನ್ನ ಹೆಸರಿನ ಗಾಡೀಲಿ ನಾನು ಹಿಂದೆ ಕೂತ್ರೆ ಗಾಡಿಗೇ ಗೊಂದಲ ಆಗುತ್ತೆ ಮಗಾ," ಎಂದು ಕೀಲಿಗೆ ಕೈ ನೀಡಿದರು. ಅಂದಿನಿಂದ ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಬೈಕು ನನ್ನದು, ಒಂದು ದಿನ ಅವರದು. ಎತ್ತಿನ ಗಾಡಿಯೂ ನಾಚುವಷ್ಟು ನಿಧಾನವಾಗಿ, ಬೆನ್ನು ನೆಟ್ಟಗೆ ಮಾಡಿ, ದಾರಿಯ ಪ್ರತಿ ತೂಬಿನ ಬಳಿ ಕತ್ತು ಹೊರಳಿಸಿ ನೀರಿನ ಮಟ್ಟ ನೋಡುತ್ತ ಅವರು ಹೋಗುತ್ತಿದ್ದರು; ನಾನು ಹಿಂದೆ ಕಡತವನ್ನು ತೊಡೆಯ ಮೇಲಿಟ್ಟುಕೊಂಡು ಶಾಲೆಯ ಪುರಾಣವನ್ನೆಲ್ಲ ಅವರ ಹೆಲ್ಮೆಟ್ಟಿಗೆ ಹೇಳುತ್ತಿದ್ದೆ. ಕೆಲಸ ಮುಗಿದ ಮೇಲೆ ಕಚೇರಿಯ ಹಿಂದಿನ ಅಂಗಡಿಯಲ್ಲಿ ಬಿಸಿ ಸೊತೊ ಸಾರು ಅನ್ನ, ಸಕ್ಕರೆ ಸುರಿದ ಚಹಾ, ಹೆಂಡತಿಗೆಂದು ಕಟ್ಟಿಸಿಕೊಂಡ, ಸೋಯಾ ಕಾಳಿನ ಕರಿದ ತೆಂಪೆ. ಅಂಗಡಿಯವನಿಗೆ ಹೊರಗೆ ನಿಂತ ಬೈಕನ್ನು ಗಲ್ಲದಿಂದಲೇ ತೋರಿಸಿ, "ನಂದು," ಎನ್ನುತ್ತಿದ್ದರು. ನನ್ನನ್ನು ಪರಿಚಯಿಸುವುದು ಆಮೇಲೆ. ನನಗೆ ಆ ದಿನ ಇಷ್ಟವಾಗಿತ್ತು. ಅಪ್ಪನನ್ನು ಬೇಗ ಕಳೆದುಕೊಂಡವಳು ನಾನು. ಯಾರದೋ ಬೆನ್ನ ಹಿಂದೆ ಕೂತು ಹರಟುವ ಸುಖ ವರ್ಷಕ್ಕೊಮ್ಮೆಯಾದರೂ ಸಿಗುತ್ತದಲ್ಲ ಎಂದುಕೊಳ್ಳುತ್ತಿದ್ದೆ.

ಈ ವರ್ಷ ತೆರಿಗೆಗೆ ಇನ್ನು ಮೂರು ವಾರವಿರುವಾಗ ಅವರ ಹೆಂಡತಿ ಬು ರುಮಿಯಾತಿ ಶಾಲೆಗೇ ಬಂದರು. ಹಿರಿಯ ಹೆಂಗಸರು ನಮ್ಮಲ್ಲಿ ಬು, ಪಾಠ ಹೇಳುವ ನಾನು ಬು ಗುರು. ಕೈಯಲ್ಲಿ ಕರಿದ ಬಾಳೆಹಣ್ಣಿನ ಪೊಟ್ಟಣ. ಮಳೆ ತಡವಾದದ್ದು, ಮೆಣಸಿನಕಾಯಿ ತುಟ್ಟಿಯಾದದ್ದು, ಪಕ್ಕದ ಮನೆಯ ಕೋಳಿ ಕಳೆದದ್ದು ಎಲ್ಲ ಮುಗಿದವು. ನಮ್ಮವರು ವಿಷಯಕ್ಕೆ ನೇರವಾಗಿ ಬಂದರೆ ಅದು ಜಗಳ. ಆದ್ದರಿಂದ ನಾನೂ ಕಾದೆ.

"ಬು ಗುರು, ನಿಮ್ಮ ಗಾಡಿ ಚೆನ್ನಾಗಿದೆಯಾ?"

"ಚೆನ್ನಾಗಿದೆ ಬು."

"ಬ್ರೇಕು?"

"ಅದೂ ಚೆನ್ನಾಗಿದೆ."

"ಹಾಗಾದ್ರೆ ಗಾಡೀದು ತಪ್ಪಲ್ಲ," ಎಂದು ಅವರು ಪೊಟ್ಟಣದ ಅಡಿಯಿಂದ ಮಡಚಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

ಪೊಲೀಸರ ಪತ್ರ. ಸಿಗ್ನಲ್ ಕಂಬದ ಕ್ಯಾಮೆರಾ ತೆಗೆದ ಚಿತ್ರ, ಕೆಂಪು ದೀಪ ದಾಟಿದ್ದಕ್ಕೆ ದಂಡ. ಇಂಥ ಪತ್ರ ಹೋಗುವುದು ಕಾಗದದಲ್ಲಿ ಹೆಸರಿರುವವರ ಮನೆಗೆ. ಹಾಗಾಗಿ ತಪ್ಪು ನನ್ನದೇ ಇರಬೇಕೆಂದುಕೊಂಡೆ. ಆಮೇಲೆ ಚಿತ್ರ ಸರಿಯಾಗಿ ನೋಡಿದೆ. ಮುಂದೆ ಕೂತವರ ಜಾಕೆಟ್ಟು ಗಂಟಲವರೆಗೆ ಮುಚ್ಚಿತ್ತು. ಹಿಂದೆ ತೊಡೆಯ ಮೇಲೆ ಕಡತ, ತೆರೆದ ಬಾಯಿ: ನಾನು. ದಿನಾಂಕ, ಹೋದ ವರ್ಷದ ತೆರಿಗೆಯ ದಿನ. ನಮ್ಮ ಮುಖ್ಯೋಪಾಧ್ಯಾಯರ ಜಿಪುಣತನವನ್ನು ಬಣ್ಣಿಸುತ್ತಿದ್ದೆನೆಂದು ಕಾಣುತ್ತದೆ, ನೆತ್ತಿಯ ಮೇಲೆ ಕೆಂಪು ದೀಪ ಉರಿಯುತ್ತಿದ್ದುದನ್ನು ನೋಡಿಯೇ ಇರಲಿಲ್ಲ.

"ಹಾಸಿಗೆ ಕೆಳಗೆ ಸಿಕ್ತು," ಎಂದರು ಬು ರುಮಿಯಾತಿ. "ಪೊಲೀಸರ ಹತ್ರ ತಾವೇ ಹೋಗಿ, ಗಾಡಿ ನಂದು, ಓಡಿಸಿದವನೂ ನಾನೇ ಅಂತ ಒಪ್ಕೊಂಡು, ದಂಡ ಕಟ್ಟಿ ಬಂದಿದ್ದಾರೆ. ನನಗೆ ಹೇಳಿದ್ದು ಪಿಂಚಣಿ ಕೆಲಸ ಅಂತ. ಬಲಗಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತು. ಎಡಗಣ್ಣು ಮೊದಲಿಂದಾನೂ ಅಷ್ಟಕ್ಕಷ್ಟೆ. ಆಪರೇಷನ್ ಅಂದ್ರೆ, ನೀರು ಎಷ್ಟಿದೆ ನೋಡೋಣ ಅಂತಾರೆ."

"ಈ ಸಲ ಓಡಿಸಬೇಡಿ ಅಂತ ನೀವೇ ಹೇಳಿದ್ರೆ?"

"ನಲವತ್ತೆರಡು ವರ್ಷದಿಂದ ಹೇಳ್ತಾನೇ ಇದ್ದೀನಿ, ಬೇರೆ ಬೇರೆ ವಿಷಯಕ್ಕೆ. ನೀವು ಗಾಡಿಯ ಹೆಸರು ಬದಲಾಯಿಸ್ಕೊಳ್ಳಿ ಬು ಗುರು. ಹೆಸರು ಇಲ್ಲದ ಮೇಲೆ ಕೀಲಿ ಕೇಳಲ್ಲ ಅವರು. ಅಷ್ಟು ನ್ಯಾಯ ಇದೆ ಅವರಿಗೆ." ಎದ್ದು ನಿಂತು ಸೆರಗು ಸರಿಮಾಡಿಕೊಂಡು ಸೇರಿಸಿದರು: "ನಾನು ಬಂದಿದ್ದೆ ಅಂತ ಗೊತ್ತಾಗಬಾರದು."

ಆ ವಾರವಿಡೀ ನಾನು ಸರಿಯಾಗಿ ಊಟ ಮಾಡಲಿಲ್ಲ. ವರ್ಷಕ್ಕೆ ಒಂದೇ ಒಂದು ದಿನ ಆ ಮನುಷ್ಯ ಅಚ್ಚುಕಟ್ಟಾಗಿ ಸಿದ್ಧವಾಗಿ ಬಾಗಿಲಲ್ಲಿ ನಿಂತು ತನ್ನದೆನ್ನುವ ಒಂದು ವಸ್ತುವಿನ ಮೇಲೆ ಏರುತ್ತಿದ್ದದ್ದು. ಅದನ್ನು ಕಿತ್ತುಕೊಳ್ಳಬೇಕಾದವಳು ನಾನು. ಕಿತ್ತುಕೊಳ್ಳದಿದ್ದರೆ ಒಂದು ದಿನ ಯಾವುದೋ ಲಾರಿ ಅವರನ್ನೇ ಕಿತ್ತುಕೊಂಡೀತು, ಅಥವಾ ಅವರ ಚಕ್ರಕ್ಕೆ ಯಾರದೋ ಮಗು ಸಿಕ್ಕೀತು. ಹಿಂದೆ ಕೂತು ಬಾಯಿ ಬಡಿದುಕೊಳ್ಳುವ ಬದಲು ಒಮ್ಮೆ ಕತ್ತೆತ್ತಿ ದೀಪ ನೋಡಿದ್ದರೆ ಸಾಕಿತ್ತು ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಮಾರಾಟದ ರಸೀದಿಗೆ ಅವರ ಒಂದು ಸಹಿಯಿದ್ದರೆ ಹೆಸರು ಬದಲಾಗುತ್ತದೆ, ಅವರು ಕಚೇರಿಗೆ ಬರಲೇಬೇಕೆಂದಿಲ್ಲ. ದಲ್ಲಾಳಿಗಳ ಕೈಗೆ ಕೊಟ್ಟರೆ ಆ ಸಹಿಯೂ ಬೇಕಿರಲಿಲ್ಲ. ಆದರೂ ಬೆನ್ನ ಹಿಂದೆ ಮಾಡಲು ಮನಸ್ಸು ಒಪ್ಪಲಿಲ್ಲ. ಈ ವರ್ಷ ಹೇಗೂ ಐದು ವರ್ಷಕ್ಕೊಮ್ಮೆ ನಂಬರ್ ಪ್ಲೇಟು ಬದಲಾಗುವ ಸರದಿ, ಅದರ ಜೊತೆಗೇ ಹೆಸರಿನ ಕೆಲಸವನ್ನೂ ಮುಗಿಸಿಬಿಡೋಣ ಎಂದು ರಸೀದಿ ಹಿಡಿದು ಹೋದೆ. ಅವರು ಕಾಗದವನ್ನು ಮೂಗಿನ ತನಕ ತಂದು ಓದಿದರು. ಬಹಳ ಹೊತ್ತು ಓದಿದರು. ನೀರು ಎಷ್ಟಿದೆಯೆಂದು ಕೇಳಲಿಲ್ಲ. ಎಲ್ಲಿ ಸಹಿ ಮಾಡಬೇಕೆಂದು ಮಾತ್ರ ಕೇಳಿ, ಮಾಡಿ, "ನಾನೂ ಬರ್ತೀನಿ," ಎಂದರು.

ಆ ಬೆಳಿಗ್ಗೆ ನಾನೊಂದು ಕಳ್ಳ ಉಪಾಯ ಮಾಡಿದೆ. ಕಚೇರಿಯ ಗೇಟು ತೆರೆಯುವ ಹೊತ್ತಿಗೇ ಬೈಕನ್ನು ಅಲ್ಲಿ ನಿಲ್ಲಿಸಿ, ವ್ಯಾನು ಹತ್ತಿ ಅವರ ಮನೆಗೆ ವಾಪಸು ಬಂದೆ. ಜಾಕೆಟ್ಟು ತೊಟ್ಟು, ಹೆಲ್ಮೆಟ್ಟು ಹಿಡಿದು ಅವರು ಆಗಲೇ ಹೊರಗೆ ನಿಂತಿದ್ದರು. ನನ್ನ ಹಿಂದೆ ಏನನ್ನೋ ಹುಡುಕಿದರು.

"ಗಾಡಿ?"

"ಅಲ್ಲೇ ಇಟ್ಟು ಬಂದೆ ಪಾಕ್. ಗಾಡಿ ಪರೀಕ್ಷೆ ಮಾಡಿಸೋರ ಸಾಲು ಉದ್ದ ಇರುತ್ತೆ ಅಂತ."

"ಓ, ಸಾಲು," ಎಂದರು. ಹೆಲ್ಮೆಟ್ಟನ್ನು ಒಮ್ಮೆ ನೋಡಿಕೊಂಡರು. "ಇರಲಿ. ಬರೋವಾಗ ಬೇಕಾಗುತ್ತೆ." ಬು ರುಮಿಯಾತಿ ನನ್ನ ಕಡೆ ತಿರುಗಿಯೂ ನೋಡದೆ ಅಂಗಳ ಗುಡಿಸುತ್ತಿದ್ದರು, ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ. ವ್ಯಾನಿನಲ್ಲಿ ಅವರು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತರು. ತೂಬುಗಳು ಬಂದವು, ಹೋದವು, ಕತ್ತು ಹೊರಳಲಿಲ್ಲ.

ಪರೀಕ್ಷೆಯ ಕಟ್ಟೆಯಲ್ಲಿ ಮಾತ್ರ ಹಳೆಯ ಮುಜಿರಾನ್ ಎಚ್ಚೆತ್ತರು. ಅಲ್ಲಿ ಕೆಲಸದವನು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಾಸಿಸ್ ನಂಬರಿನ ಮೇಲಿನ ಕೊಳೆ ಒರೆಸಿ, ಪೆನ್ಸಿಲ್ ಸೀಸದ ಪುಡಿ ಉಜ್ಜಿ, ಅಂಟುಪಟ್ಟಿ ಒತ್ತಿ ಆ ಅಂಕಿಗಳ ಅಚ್ಚು ಎತ್ತಿಕೊಳ್ಳುತ್ತಾನೆ. ಅವನು ಬಟ್ಟೆ ಹಿಡಿಯುವಷ್ಟರಲ್ಲಿ ಇವರು ಹದಿನೇಳು ಅಕ್ಷರಗಳನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು.

"ಪಾಕ್, ನಾನು ಓದೋಕಲ್ಲ, ಉಜ್ಜೋಕೆ ಕೂತಿರೋದು," ಎಂದ ಅವನು.

"ಉಜ್ಜಪ್ಪಾ. ಕೊನೇದು ಸವೆದಿದೆ, ನಾಲ್ಕು ಅಂದ್ಕೊಂಡೀಯ. ಅದು ಒಂಬತ್ತು."

ಅಂಟುಪಟ್ಟಿ ಎದ್ದಾಗ ಅದು ಒಂಬತ್ತೇ ಆಗಿತ್ತು. ಕಣ್ಣಿಗೆ ಕಾಣದ್ದನ್ನು ಆ ಮನುಷ್ಯ ಹದಿನೈದು ವರ್ಷದಿಂದ ಬಾಯಿಪಾಠ ಇಟ್ಟುಕೊಂಡಿದ್ದರಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಚೀಲದಲ್ಲಿ ಪೆನ್ನು ಹುಡುಕುವವಳಂತೆ ತಲೆ ಬಗ್ಗಿಸಿಕೊಂಡೆ.

ಕೌಂಟರಿನಲ್ಲಿ ಅದೇ ಹುಡುಗಿ. "ಹೆಸರು ಬದಲಾವಣೆಗೆ ನೀವು ಬರಬೇಕೂಂತ ಇರಲಿಲ್ಲ ಪಾಕ್," ಎಂದಳು.

"ಹದಿನೈದು ವರ್ಷದ ಹೆಸರಮ್ಮ. ಒಂದು ಮಾತು ಹೇಳದೆ ಹೇಗೆ ಹೋಗೋದು?" ಸ್ವಲ್ಪ ತಡೆದು ಕೇಳಿದರು. "ಇನ್ನು ಮೇಲೆ ಈ ಗಾಡಿ ಕೆಂಪು ದೀಪ ದಾಟಿದ್ರೆ ಪತ್ರ ಯಾರ ಮನೆಗೆ ಬರುತ್ತೆ?"

"ಬು ಗುರು ಮನೆಗೆ."

"ನನಗೂ ಒಂದು ಜೆರಾಕ್ಸ್ ಕಳಿಸಿ."

ಹುಡುಗಿ ನಕ್ಕಳು, ಸಾಲಿನಲ್ಲಿದ್ದವರೂ ನಕ್ಕರು. ನಾನು ನಗಲಿಲ್ಲ. ನನಗೆ ಗೊತ್ತಿದೆಯೆಂದು ಅವರಿಗೆ ಗೊತ್ತಾಗಿದೆ; ಪೊಟ್ಟಣದ ಅಡಿಯ ಪತ್ರ, ಬೆಳಗಿನ ನನ್ನ ಉಪಾಯ, ಗುಡಿಸಿದಲ್ಲೇ ಗುಡಿಸುತ್ತಿದ್ದ ಹೆಂಡತಿ ಎಲ್ಲವೂ ಗೊತ್ತಾಗಿದೆ. ಸೊತೊ ಅಂಗಡಿಗೂ ಹೋದೆವು. ಹೊರಗೆ ನಿಂತ ಬೈಕನ್ನು ಅಂಗಡಿಯವನಿಗೆ ತೋರಿಸಿ, "ಇವಳದು," ಎಂದರು. ತೆಂಪೆ ಕಟ್ಟಿಸಿಕೊಳ್ಳುವುದನ್ನು ಮರೆತರು, ನಾನೇ ಕಟ್ಟಿಸಿದೆ.

ಹೊರಡುವಾಗ ನಾನು ಕೀಲಿ ಹಿಡಿದು ಸುಮ್ಮನೆ ನಿಂತೆ. ಕೊಡಲೂ ಆಗಲಿಲ್ಲ, ಜೇಬಿಗೆ ಹಾಕಲೂ ಆಗಲಿಲ್ಲ. ಅವರು ಹೆಲ್ಮೆಟ್ಟು ಹಾಕಿಕೊಂಡು, ಹಿಂದಿನ ಸೀಟಿನ ಮೇಲೆ ಎರಡು ಸಲ ಕೈ ಬಡಿದು ಧೂಳು ಕೊಡವಿ, "ನೀನು ಹತ್ತಿದ ಮೇಲೆ ನಾನು," ಎಂದರು. ಕೂತರು. ನನ್ನನ್ನು ಮುಟ್ಟದಂತೆ ಎರಡೂ ಕೈಗಳನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡಿದ್ದರು. ಹೋದ ವರ್ಷ ನಮ್ಮ ಚಿತ್ರ ತೆಗೆದ ಆ ದೊಡ್ಡ ವೃತ್ತದ ಸಿಗ್ನಲ್ಲು ಬಂತು, ನಿಲ್ಲಿಸಿದೆ.

"ಈಗ ಯಾವ ಬಣ್ಣ, ಮಗಾ?"

"ಕೆಂಪು, ಪಾಕ್."

ನಮ್ಮ ಎಡಕ್ಕೂ ಬಲಕ್ಕೂ ಬೈಕುಗಳು ಬಂದು ನಿಂತವು. ಹಿಂದಿನಿಂದ ಅವರ ದನಿ ಕೇಳಿತು, ಇಂಜಿನ್ ಸದ್ದಿನ ನಡುವೆ, ಮೆಲ್ಲಗೆ.

"ಹೋದ ವರ್ಷಾನೂ ಕೇಳಬೇಕಿತ್ತು ನಿನ್ನ. ಕೇಳೋಕೆ ನಾಚಿಕೆ ಆಯ್ತು."

ಹಸಿರಾಯಿತು ಪಾಕ್ ಎಂದೆ. ಹೊರಟೆವು.

ಲೋಕದಲ್ಲಿ ತಮ್ಮ ಹೆಸರನ್ನು ಕಟ್ಟಡದ ಮೇಲೆ, ಕಲ್ಲಿನ ಮೇಲೆ ಕೆತ್ತಿಸಿ ಮರೆತುಬಿಡುವವರು ಬಹಳ ಮಂದಿ. ಪಾಕ್ ಮುಜಿರಾನ್ ಅವರಂಥವರ ಹೆಸರು ಸರ್ಕಾರದ ಕಾಗದದಲ್ಲಿ ಬರುವುದು ಆಯುಷ್ಯದಲ್ಲಿ ನಾಲ್ಕೋ ಐದೋ ಕಡೆ. ಹಾಗಾಗಿ ಒಂದೊಂದು ಕಡೆಯೂ ಅವರಿಗೆ ಅದು ಕೊಟ್ಟ ಮಾತು. ಅವರು ಬಿಗಿಯಾಗಿ ಹಿಡಿದುಕೊಳ್ಳುವುದು ಆಸೆಯಿಂದಲ್ಲ, ತಮ್ಮ ಹೆಸರಿನಲ್ಲಿ ಎಲ್ಲಿ ತಪ್ಪು ನಡೆದುಹೋಗುವುದೋ ಎಂಬ ಭಯದಿಂದ. ಆ ತಪ್ಪು ತಮ್ಮಿಂದಲೇ ನಡೆದಾಗ ಯಾರಿಗೂ ಹೇಳದೆ ಹೋಗಿ ಒಪ್ಪಿಕೊಂಡು ಬರುತ್ತಾರೆ. ಅಂಥವರ ಹಿಂದೆ ಕೂತು ಹರಟುವುದು ಸುಲಭ. ಅವರನ್ನು ಹಿಂದೆ ಕೂರಿಸಿಕೊಂಡ ದಿನವಷ್ಟೇ, ಅಷ್ಟು ವರ್ಷ ಅವರು ಎಷ್ಟು ಭಾರವನ್ನು ಒಬ್ಬರೇ ಹೊತ್ತಿದ್ದರೆಂಬುದು ನಮ್ಮ ತೋಳುಗಳಿಗೆ ತಿಳಿಯುತ್ತದೆ.